ಹಳೇ ದೋಣಿಗೆ ಹೊಸ ಎಂಜಿನ್: ಎಚ್‌ಪಿ ಆಮೇಲೆ, ಮೊದಲು ಹಿಂದಿನ ಹಲಗೆ

ಮೊದಲೇ ಒಪ್ಪಿಕೊಂಡುಬಿಡ್ತೀವಿ. ನಾವು ನಾಲ್ಕು ಜನ ಸೆಕೆಂಡ್ ಇಯರ್ ಮೆಕ್ಯಾನಿಕಲ್‌ನವರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್. ಕನ್ನಡ ಸಂಘಕ್ಕೆ ಸೇರಿದ್ದು ಕೂಡ ರಾಜ್ಯೋತ್ಸವದ ದಿನ ಊಟ ಚೆನ್ನಾಗಿರುತ್ತೆ ಅಂತ ಸೀನಿಯರ್ಸ್ ಹೇಳಿದ್ದಕ್ಕೆ. ಆದ್ದರಿಂದ ಕಾಗುಣಿತ ತಪ್ಪಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ, ಲೆಕ್ಕ ತಪ್ಪಿದ್ದರೆ ನೀವು ತಿದ್ದಿ. ಲೆಕ್ಕವನ್ನ ನಾವೇ ಒಂದು ಸಲ ತಪ್ಪು ಮಾಡಿ ಆಗಿದೆ. ಆ ತಪ್ಪಿನಿಂದಲೇ ಈ ಲೇಖನ ಹುಟ್ಟಿದ್ದು.

ನಮ್ಮಲ್ಲೊಬ್ಬ ಗಂಗೊಳ್ಳಿಯವನು. ಅವನ ಅಪ್ಪಯ್ಯನಿಗೆ ಒಂದು ನಾಡದೋಣಿ ಇದೆ. ಮರದ್ದು, ಮೇಲೆ ಫೈಬರ್ ಹೊದಿಕೆ, ನಮ್ಮ ವಯಸ್ಸಿಗಿಂತ ಸ್ವಲ್ಪ ಹಳೆಯದು. ಹಿಂದೆ 9.9 ಎಚ್‌ಪಿಯ ಸೀಮೆಎಣ್ಣೆ ಔಟ್‌ಬೋರ್ಡ್ ಎಂಜಿನ್. ಕಳೆದ ಜುಲೈನಲ್ಲಿ ಒಂದು ದಿನ ಬೆಳಿಗ್ಗೆ ವಾಪಸ್ ಬರುವಾಗ ಅಳಿವೆ ಬಾಗಿಲಲ್ಲೇ ಎಂಜಿನ್ ಕೈಕೊಟ್ಟಿತು. ಗಂಗೊಳ್ಳಿಯ ಅಳಿವೆ ನೋಡದವರಿಗೆ ಒಂದು ಮಾತು: ಐದು ನದಿ ಒಟ್ಟು ಸೇರಿ, ಗಂಗೊಳ್ಳಿಗೂ ಕೋಡಿಗೂ ಮಧ್ಯೆ ಸಮುದ್ರಕ್ಕೆ ಬೀಳುವ ಜಾಗ ಅದು. ಮಳೆಗಾಲದಲ್ಲಿ ಒಳಗಿಂದ ಕೆಂಪು ನೀರು ಹೊರಗೆ ತಳ್ಳುತ್ತಿರುತ್ತೆ, ಹೊರಗಿಂದ ಅಲೆ ಒಳಗೆ ನುಗ್ಗುತ್ತಿರುತ್ತೆ, ಅಡಿಯಲ್ಲಿ ಮರಳು ದಿಬ್ಬ. ಅಲ್ಲಿ ದೋಣಿಗೆ ತಳ್ಳೋ ಶಕ್ತಿ ಒಂದು ನಿಮಿಷ ನಿಂತರೂ ಅದು ಅಡ್ಡ ತಿರುಗುತ್ತೆ. ಅಡ್ಡ ತಿರುಗಿದ ದೋಣಿಗೆ ಮುಂದಿನ ಅಲೆ ಏನು ಮಾಡುತ್ತೆ ಅಂತ ಹೇಳೋದು ಬೇಡ. ಹಿಂದೆ ಬರುತ್ತಿದ್ದ ಇನ್ನೊಂದು ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದರು. ಬಲೆಯ ಅರ್ಧ ಭಾಗ ಹೋಯಿತು, ಜನ ಉಳಿದರು.

ಈ ವಿಷಯ ಅವನು ನಮಗೆ ಹೇಳಿದ್ದೇ ಎರಡು ತಿಂಗಳಾದ ಮೇಲೆ, ಮೆಸ್‌ನಲ್ಲಿ, ಅದೂ ಬೇರೆ ಏನೋ ಮಾತಿನ ಮಧ್ಯೆ. "ಅಪ್ಪಯ್ಯ ಎಂಜಿನ್ ಚೇಂಜ್ ಮಾಡ್ಬೇಕು ಅಂತಿದ್ದಾರೆ, ಯಾವ್ದು ತಗೊಳ್ಬೇಕು ಅಂತ ನೋಡ್ರೋ" ಅಂದ.

ನೋಡಿದ್ವಿ. ಇಂಜಿನಿಯರ್ಸ್ ಅಲ್ವಾ! ಇಂಟರ್ನಲ್ಸ್ ಇದ್ದ ವಾರವೇ ರಾತ್ರಿ ಕೂತು ಎಕ್ಸೆಲ್ ಶೀಟ್ ಮಾಡಿದ್ವಿ. ಎಚ್‌ಪಿ, ತೂಕ, ಗಂಟೆಗೆ ಎಷ್ಟು ಲೀಟರ್, ಸರ್ವಿಸ್ ಎಷ್ಟು ದಿನಕ್ಕೆ, ಎಲ್ಲ ಕಾಲಮ್ ಇತ್ತು. ಹಸಿರು ಬಣ್ಣ ಬಂದಿದ್ದು 15 ಎಚ್‌ಪಿ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ. ಅಳಿವೆಯಲ್ಲಿ ಶಕ್ತಿ ಸಾಲದೆ ಹಾಗಾಯಿತು, ಹಾಗಾದರೆ ಶಕ್ತಿ ಜಾಸ್ತಿ ಇರಲಿ. ಇಷ್ಟೇ ನಮ್ಮ ತರ್ಕ. ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ವಿ. ಮರುದಿನ ಅವರ ಫೋನು. ಸ್ಪೀಕರ್‌ನಲ್ಲಿ ಹಾಕಿದ್ವಿ.

"ಮಕ್ಳೆ, ಲಾಯ್ಕ್ ಮಾಡಿದ್ರಿ. ಆರೆ ಮಳಿಗಾಲ್ದಗೆ ಹದಿನೈದ್ ಎಚ್‌ಪಿ ಕಟ್ಕಂಡ್ ನಾನ್ ಎಲ್ಲಿಗ್ ಹ್ವಾಪುದ್? ಗದ್ದಿ ಹೂಡುಕಾ?"

ನಮಗೆ ಜೋಕ್ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ನಗು ಬರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತೆ. ಮೀನು ಮರಿ ಮಾಡೋ ಕಾಲ ಅಂತ. ಆಗ ಕಡಲಿಗೆ ಇಳಿಯಬಹುದಾದವರು ನಾಡದೋಣಿಯವರು ಮಾತ್ರ. ಅವರ ಎಂಜಿನ್ ಕೂಡ 10 ಎಚ್‌ಪಿ ಮೀರುವ ಹಾಗಿಲ್ಲ. ಮಾರ್ಕೆಟ್‌ನಲ್ಲಿ 9.9 ಅನ್ನೋ ವಿಚಿತ್ರ ಸಂಖ್ಯೆ ಯಾಕಿದೆ ಅಂತ ನಮ್ಮಲ್ಲಿ ಯಾರೂ ಕೇಳಿಯೇ ಇರಲಿಲ್ಲ. ಹತ್ತರ ಗಡಿಯೊಳಗೆ ಇರೋ ಎಂಜಿನ್‌ಗೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಬೇಡಿಕೆ ಇದೆ. ಇಲ್ಲಿ ಅದು ಎರಡು ತಿಂಗಳ ಊಟದ ಪ್ರಶ್ನೆ. ದೊಡ್ಡ ಬೋಟುಗಳು ದಕ್ಕೆಯಲ್ಲಿ ಕಟ್ಟಿಕೊಂಡಿರೋ ಆ ದಿನಗಳಲ್ಲೇ ಅವರಿಗೆ ಬೂತಾಯಿಗೂ ಸಿಗಡಿಗೂ ಒಳ್ಳೇ ರೇಟು. ನಮ್ಮ ಹಸಿರು ಬಣ್ಣದ ಎಂಜಿನ್ ಹಾಕಿಕೊಂಡಿದ್ದರೆ ವರ್ಷದ ಒಳ್ಳೇ ದುಡಿಮೆಯ ದಿನಗಳಲ್ಲೇ ದೋಣಿ ದಡದಲ್ಲಿರಬೇಕಿತ್ತು. ಎಕ್ಸೆಲ್‌ನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಸರಿ, ನಿಯಮ ಬಿಡಿ. ಬರೀ ಲೆಕ್ಕದಲ್ಲಾದರೂ ನಾವು ಸರಿ ಇದ್ವಾ? ಅದನ್ನೂ ಆಮೇಲೆ ಕೂತು ನೋಡಿದ್ವಿ. ನೀರನ್ನು ಸೀಳಿಕೊಂಡು ಹೋಗೋ ದೋಣಿಗೆ (ನೀರ ಮೇಲೆ ಜಾರಿ ಹಾರೋ ಸ್ಪೀಡ್‌ಬೋಟ್ ಬೇರೆ) ಅದರ ಉದ್ದವೇ ಒಂದು ವೇಗದ ಮಿತಿ ಹಾಕುತ್ತೆ. ನೀರಿಗೆ ತಾಗೋ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್‌ನಲ್ಲಿ ವೇಗ ಬರುತ್ತೆ. ಅವರ ದೋಣಿ ನೀರಲ್ಲಿ 26 ಅಡಿ. ಅಂದ್ರೆ 6.8 ನಾಟ್, ಗಂಟೆಗೆ ಸುಮಾರು 12.6 ಕಿಲೋಮೀಟರ್. ಸಪೂರ ದೋಣಿಗಳು ಇದನ್ನ ಸ್ವಲ್ಪ ಮೀರಬಹುದು, ಆದರೆ ಆ ಮಿತಿ ಹತ್ತಿರ ಬಂದಹಾಗೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕಾಗುತ್ತೆ. ಅಷ್ಟು ದೂರ ಹೋಗೋದೇ ಬೇಡ, ಶಕ್ತಿ ವೇಗದ ಘನದಷ್ಟು ಬೇಕು ಅಂತ ಉದಾರವಾಗಿ ಇಟ್ಟುಕೊಂಡರೂ, 9.9ರಿಂದ 15ಕ್ಕೆ ಹೋದರೆ ಶಕ್ತಿ ಒಂದೂವರೆ ಪಟ್ಟು, ವೇಗ ಹೆಚ್ಚೋದು ಶೇ. 15 ಮಾತ್ರ. ಗಂಟೆಗೆ 11 ಕಿ.ಮೀ. ಹೋಗ್ತಿದ್ದ ದೋಣಿ 6 ಕಿ.ಮೀ. ದೂರಕ್ಕೆ ನಾಲ್ಕೈದು ನಿಮಿಷ ಮುಂಚೆ ತಲುಪುತ್ತೆ. ಒಂದೂವರೆ ಪಟ್ಟು ಶಕ್ತಿಗೆ ಸಿಗೋದು ಆ ನಾಲ್ಕೈದು ನಿಮಿಷ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಡ್ರ್ಯಾಗ್ ಬಗ್ಗೆ ಹತ್ತು ಮಾರ್ಕ್ಸ್‌ಗೆ ಬರೆದಿದ್ದೀವಿ, ಪಾಸೂ ಆಗಿದ್ದೀವಿ. ಎಂಜಿನ್ ಆರಿಸೋವಾಗ ಮಾತ್ರ ಅದು ತಲೆಗೇ ಬರಲಿಲ್ಲ.

ಸೆಮ್ ಮುಗಿದು ರಜೆ ಸಿಕ್ಕ ಕೂಡಲೇ ಬಸ್ ಹತ್ತಿ ಗಂಗೊಳ್ಳಿಗೆ ಹೋದ್ವಿ. ಪಿಡಿಎಫ್‌ನ ಅವಮಾನ ತೊಳೆದುಕೊಳ್ಳೋದಿತ್ತು. ಜೊತೆಗೆ ಲ್ಯಾಬ್‌ನಿಂದ ತಂದ ಒಂದು ಚಿಕ್ಕ ಟ್ಯಾಕೋಮೀಟರ್. (ಕೇಳಿ ತಂದದ್ದು.) ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಇದರ ವೈರ್ ಸುತ್ತಿದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸುತ್ತೆ.

ನಾವು ನೇರ ಎಂಜಿನ್ ಹತ್ತಿರ ಹೋದ್ವಿ. ಅಪ್ಪಯ್ಯ ತಡೆದರು. "ಎಂಜಿನ್ ಕಾಂಬುಕ್ ಮೊದ್ಲ್ ದೋಣಿ ಕಾಣಿ." ಈಗ ನಾವು ಅವರನ್ನ ಎಲ್ಲರೂ ಅಪ್ಪಯ್ಯ ಅಂತಲೇ ಕರೀತೀವಿ, ಅಂಕಲ್ ಅಂದಾಗ ಒಂದು ಥರಾ ಮುಖ ಮಾಡಿದ್ದರು.

ಔಟ್‌ಬೋರ್ಡ್ ಎಂಜಿನ್ ನೋಡದವರಿಗಾಗಿ ಹೇಳ್ತೀವಿ. ಕಾರಿನ ಹಾಗೆ ಇದು ದೋಣಿಯ ಒಳಗೆ ಕೂರೋದಿಲ್ಲ. ದೋಣಿಯ ಹಿಂಬದಿಗೆ ಅಡ್ಡ ನಿಂತಿರೋ ಒಂದು ದಪ್ಪ ಹಲಗೆಗೆ ಎರಡು ಕ್ಲ್ಯಾಂಪ್ ಸ್ಕ್ರೂನಿಂದ ನೇತುಹಾಕಿರ್ತಾರೆ. ಪುಸ್ತಕದಲ್ಲಿ ಅದಕ್ಕೆ ಟ್ರಾನ್ಸಮ್ ಅಂತಾರೆ, ಅಪ್ಪಯ್ಯ ಹಿಂದಿನ ಹಲಗೆ ಅಂತಾರೆ. ನಾವೂ ಹಾಗೇ ಕರೀತೀವಿ. ತಳ್ಳೋ ಫ್ಯಾನ್ ಇರೋದು ಕೆಳಗೆ, ನೀರಲ್ಲಿ. ಹಿಡಿದಿರೋ ಕ್ಲ್ಯಾಂಪ್ ಇರೋದು ಅದಕ್ಕಿಂತ ಎರಡಡಿಗೂ ಹೆಚ್ಚು ಮೇಲೆ. ಫ್ಯಾನ್ ತಳ್ಳಿದಷ್ಟೂ ಬಲ ಒಂದು ಸನ್ನೆಗೋಲಿನ ಹಾಗೆ ಈ ಹಲಗೆಯನ್ನು ತಿರುಚುತ್ತೆ. ಅಲೆ ಹೊಡೆದಾಗೆಲ್ಲ ಎಂಜಿನ್‌ನ ತೂಕ ಮೇಲೆ ಕೆಳಗೆ ಕುಕ್ಕುತ್ತೆ. ಇದು ವರ್ಷಗಟ್ಟಲೆ ನಡೆಯುತ್ತೆ. ಎಂಜಿನ್ ಎಷ್ಟೇ ಒಳ್ಳೇದಿದ್ದರೂ ಅದು ದೋಣಿಯನ್ನು ತಳ್ಳೋದು ಈ ಒಂದು ಹಲಗೆಯ ಮೂಲಕವೇ.

ಅಪ್ಪಯ್ಯ ಒಂದು ಸಣ್ಣ ಮರದ ಕೊಡತಿ ಕೊಟ್ಟು ಬಡಿಯಲಿಕ್ಕೆ ಹೇಳಿದರು. ಬಡಿದ್ವಿ. ಬದಿಯಲ್ಲಿ ಟಣ್ ಟಣ್ ಅಂತ ಗಟ್ಟಿ ಸದ್ದು. ಕ್ಲ್ಯಾಂಪ್ ಕೂರೋ ಜಾಗದ ಕೆಳಗೆ ಬಂದಾಗ ಬಟ್ಟೆ ಮೂಟೆಗೆ ಬಡಿದ ಹಾಗೆ ಧಪ್ ಧಪ್. ಮೇಲೆ ಫೈಬರ್ ಹೊದಿಕೆ ಹೊಳೀತಿದೆ, ಒಳಗೆ ಮರ ಕೊಳೆತಿದೆ. ಹಳೇ ಬೋಲ್ಟಿನ ತೂತಿನಿಂದ ನೀರು ಇಳಿದಿದೆ. ಫೈಬರ್ ಒಳಗೆ ಹೋದ ನೀರು ಹೊರಗೆ ಬರಲ್ಲ, ಒಣಗಲ್ಲ. ಅಲ್ಲೇ ಕೂತು ಮರ ತಿನ್ನುತ್ತೆ. ಎಂಜಿನ್ ಮೇಲೆತ್ತಿ ಅದರ ಕಾಲನ್ನು ಹಿಡಿದು ಮೆಲ್ಲ ಅಲುಗಾಡಿಸಿದಾಗ ಹಲಗೆಯೂ ಜೊತೆಗೆ ಅಲುಗಾಡಿತು. ನೋಡಿದರೆ ಗೊತ್ತಾಗೋ ಅಷ್ಟು.

ಇನ್ನೂ ಒಂದಿತ್ತು. ಕೆಲವು ವರ್ಷಗಳ ಹಿಂದೆ ಹಲಗೆಯ ಮೇಲಂಚು ಸೀಳಿದಾಗ ಯಾರೋ ಅದರ ಮೇಲೆ ಒಂದು ಮರದ ಪಟ್ಟಿ ಬಡಿದಿದ್ದರು. ಎಂಜಿನ್ ಆ ಪಟ್ಟಿಯ ಮೇಲೆ ಕೂತಿತ್ತು. ಅಂದ್ರೆ ಇರಬೇಕಾದ ಜಾಗಕ್ಕಿಂತ ಸುಮಾರು ಎರಡು ಇಂಚು ಮೇಲೆ. ಔಟ್‌ಬೋರ್ಡ್‌ಗಳು ಸಾಮಾನ್ಯವಾಗಿ 15 ಇಂಚು ಅಥವಾ 20 ಇಂಚು ಕಾಲಿನವು. ಫ್ಯಾನ್ ಮೇಲೆ ಚಪ್ಪಟೆ ರೆಕ್ಕೆ ಥರ ಒಂದು ಪ್ಲೇಟ್ ಇರುತ್ತೆ. ಅದು ದೋಣಿಯ ತಳಕ್ಕೆ ಸಮ ಅಥವಾ ಒಂದಿಂಚು ಕೆಳಗೆ ಇರಬೇಕು. ಸ್ಕೇಲ್ ಇಟ್ಟು ನೋಡಿದರೆ ಇವರದ್ದು ತಳಕ್ಕಿಂತ ಒಂದಿಂಚು ಮೇಲಿತ್ತು.

ಆಗ ಜುಲೈನ ಕಥೆ ಬೇರೆ ಥರ ಕೇಳಿಸತೊಡಗಿತು. ಆವತ್ತು ಏನಾಯ್ತು ಅಂತ ಮತ್ತೆ ಕೇಳಿದ್ವಿ. ಹಿಂದಿನಿಂದ ಅಲೆ ಎತ್ತಿತು, ಎಂಜಿನ್ ಒಮ್ಮೆಲೆ ಜೋರಾಗಿ ಕೂಗಿತು, ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಎರಡು ಮೂರು ಸಲ ಹಾಗಾಗಿ ಆಮೇಲೆ ಬಿಸಿಯಾಗಿ ನಿಂತೇಬಿಟ್ಟಿತು. ಶಕ್ತಿ ಸಾಲದ ಎಂಜಿನ್ ಕೂಗೋದಿಲ್ಲ, ಮುಕ್ಕರಿಯುತ್ತೆ. ಕೂಗಿತು ಅಂದ್ರೆ ಫ್ಯಾನಿಗೆ ಹಿಡಿತ ಸಿಗದೆ ಗಾಳಿ ಎಳೆದುಕೊಂಡಿತು ಅಂತ. ಎರಡಿಂಚು ಮೇಲೆ ಕೂತ ಎಂಜಿನ್, ಜೊತೆಗೆ ಹಿಂದಕ್ಕೆ ವಾಲೋ ಕೊಳೆತ ಹಲಗೆ, ಅದರ ಮೇಲೆ ಹಿಂಬದಿಯನ್ನ ಎತ್ತೋ ಅಲೆ. ತಂಪು ಮಾಡೋ ನೀರು ಒಳಗೆ ಹೋಗೋ ಕಿಂಡಿಯೂ ಆ ಕಾಲಿನಲ್ಲೇ ಇರೋದು. ಅದಕ್ಕೂ ನೀರಿನ ಜೊತೆ ಗಾಳಿ ಹೋಗಿದೆ, ಬಿಸಿಯಾಗಿದೆ. (ಎಂಜಿನ್ ಹಿಂಬದಿಯಿಂದ ಸಣ್ಣ ಧಾರೆಯಾಗಿ ನೀರು ಬರ್ತಾ ಇರಬೇಕು. ಅದು ಉಚ್ಚೆ ಹೊಯ್ಯೋದನ್ನ ನಿಲ್ಲಿಸಿದರೆ ಕೂಡಲೇ ಆಫ್ ಮಾಡಬೇಕು ಅಂತ ಅಪ್ಪಯ್ಯ ಹೇಳಿಕೊಟ್ಟ ಪಾಠ. ಯಾವ ಲ್ಯಾಬ್ ಮ್ಯಾನ್ಯುಯಲ್‌ನಲ್ಲೂ ಇಷ್ಟು ನೆನಪಿರೋ ಹಾಗೆ ಬರೆದಿಲ್ಲ.) ಫ್ಯಾನ್‌ನ ಒಳಗಿನ ರಬ್ಬರ್ ಜಾರಿದೆಯಾ ಅಂತಲೂ ನೋಡಿದ್ವಿ. ಸರಿ ಇತ್ತು.

ಇದರ ಅರ್ಥ ಯೋಚನೆ ಮಾಡಿ. ಲಕ್ಷ ದಾಟೋ ಹೊಸ ಎಂಜಿನ್ ತಂದು ಅದೇ ಪಟ್ಟಿಯ ಮೇಲೆ, ಅದೇ ಕೊಳೆತ ಹಲಗೆಗೆ ಸಿಕ್ಕಿಸಿದ್ದರೆ ಮುಂದಿನ ಜುಲೈನಲ್ಲಿ ಅದೂ ಅಲ್ಲೇ ಹಾಗೇ ಕೂಗುತ್ತಿತ್ತು. ನಮ್ಮ 15 ಎಚ್‌ಪಿಯಾದರೆ ಇನ್ನೂ ಜೋರಾಗಿ ತಿರುಚಿ ಹಲಗೆಯನ್ನೇ ಕಿತ್ತುಕೊಂಡು ಹೋಗುತ್ತಿತ್ತೇನೋ. ಮತ್ತೆ ಫೋರ್ ಸ್ಟ್ರೋಕ್ ಎಂಜಿನ್ ಅಷ್ಟೇ ಎಚ್‌ಪಿಯ ಟೂ ಸ್ಟ್ರೋಕ್‌ಗಿಂತ ಹತ್ತು ಕೆ.ಜಿ. ಆಸುಪಾಸು ಭಾರ. ಆ ಭಾರವೂ ಈ ಹಲಗೆಯ ಮೇಲೆಯೇ ಬೀಳೋದು.

ಹಾಗಂತ ಹಳೇ ಎಂಜಿನ್ನೇ ಇರಲಿ ಅಂತ ನಾವು ಹೇಳ್ತಿಲ್ಲ. ಬದಲಾಯಿಸಲೇಬೇಕು. ಸೀಮೆಎಣ್ಣೆ ಎಂಜಿನ್ ಅಂದ್ರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸೋ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು. ಇಲ್ಲದಿದ್ದರೆ ಮರುದಿನ ಹಗ್ಗ ಎಳೆದೂ ಎಳೆದೂ ಕೈ ಬೀಳುತ್ತೆ. ಸೀಮೆಎಣ್ಣೆಯ ಆಕ್ಟೇನ್ ಕಡಿಮೆ, ಅದಕ್ಕೇ ಎಂಜಿನ್‌ನ ಕಂಪ್ರೆಷನ್ ಕಡಿಮೆ ಇಟ್ಟಿರ್ತಾರೆ, ಅದಕ್ಕೇ ಎಣ್ಣೆ ಜಾಸ್ತಿ ಕುಡಿಯುತ್ತೆ, ಕೆಲಸ ಕಡಿಮೆ ಮಾಡುತ್ತೆ. ಟೂ ಸ್ಟ್ರೋಕ್ ಆದ್ದರಿಂದ ಒಳಗೆ ಬಂದ ಇಂಧನದ ಒಂದು ಪಾಲು ಸುಡದೆಯೇ ಹೊರಗೆ ಹೋಗುತ್ತೆ, ಆಯಿಲ್ ಸಮೇತ, ನೇರ ನೀರಿಗೆ. ಆ ಹೊಗೆಯ ವಾಸನೆ ಅಪ್ಪಯ್ಯನ ಅಂಗಿಯಿಂದ ಒಗೆದರೂ ಹೋಗಲ್ಲ ಅಂತ ಅಮ್ಮ ಹೇಳಿದರು. ಮತ್ತೆ ಸೀಮೆಎಣ್ಣೆ ಸರಿಯಾದ ಸಮಯಕ್ಕೆ ಬರೋದಿಲ್ಲ. ಕೋಟಾ ಬಿಡುಗಡೆ ಆಗಿಲ್ಲ ಅಂತ ನಾಡದೋಣಿಯವರು ಪ್ರತಿಭಟನೆ ಮಾಡೋ ಸುದ್ದಿ ಉಡುಪಿ ಪುಟದಲ್ಲಿ ಎಷ್ಟು ಸಲ ಬಂದಿದೆ! ಸೀಮೆಎಣ್ಣೆ ಎಂಜಿನ್ ಬದಲಾಯಿಸಲು ಸಹಾಯಧನ ಅಂತ 2023ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯೂ ಆಯಿತು. ಒಳ್ಳೇದೇ.

ನಮ್ಮ ತಕರಾರು ಇಷ್ಟೇ: ಎಂಜಿನ್ ಬದಲಾವಣೆ ಅಂದ ಕೂಡಲೇ ಸರ್ಕಾರವಿರಲಿ, ಅಂಗಡಿಯವರಿರಲಿ, ನಮ್ಮಂಥ ಎಕ್ಸೆಲ್ ಪಂಡಿತರಿರಲಿ, ಎಲ್ಲರೂ ನೋಡೋದು ಎಂಜಿನ್ ಒಂದನ್ನೇ. ಇಪ್ಪತ್ತು ವರ್ಷದ ದೋಣಿಗೆ ಹೊಸ ಎಂಜಿನ್ ಹಾಕೋ ಯೋಜನೆಯಲ್ಲಿ ಮೊದಲ ಖರ್ಚು ಹಲಗೆಗೆ ಇರಬೇಕು. ಸಹಾಯಧನ ಕೊಡೋ ಮೊದಲು ಒಬ್ಬ ಬಡಗಿ, ಒಬ್ಬ ಮೆಕ್ಯಾನಿಕ್ ಬಂದು ಅರ್ಧ ದಿನ ದೋಣಿ ನೋಡಲಿ. ಹಲಗೆ ರಿಪೇರಿಗೂ ದುಡ್ಡು ಸೇರಿಸಲಿ. ಎತ್ತರ ಅಳೆದು 15 ಇಂಚಿನ ಕಾಲೋ 20 ಇಂಚಿನದೋ ಅಂತ ತೀರ್ಮಾನಿಸಲಿ. ಅದಕ್ಕಿಂತ ಮುಖ್ಯ, ಫ್ಯಾನ್. ಹೊಸ ಎಂಜಿನ್ ಜೊತೆ ಬಾಕ್ಸ್‌ನಲ್ಲಿ ಬರೋ ಫ್ಯಾನ್ ಹಗುರ ದೋಣಿಯಲ್ಲಿ ಬೇಗ ಓಡೋದಕ್ಕೆ ಮಾಡಿದ್ದಿರಬಹುದು. ಬಲೆ, ಮಂಜುಗಡ್ಡೆ, ನಾಲ್ಕು ಜನ, ಬಂಗುಡೆ ತುಂಬಿಸಿಕೊಂಡು ಬರೋ ದೋಣಿಗೆ ಬೇಕಾದ್ದು ಅಗಲ ಜಾಸ್ತಿ, ಪಿಚ್ ಕಡಿಮೆ ಇರೋ ಫ್ಯಾನ್. ಬೈಕಲ್ಲಿ ಘಾಟಿ ಹತ್ತುವಾಗ ಟಾಪ್ ಗೇರಿನಲ್ಲಿ ಇದ್ದರೆ ಎಂಜಿನ್ ಹೇಗೆ ಒದ್ದಾಡುತ್ತೋ, ಪಿಚ್ ಜಾಸ್ತಿ ಇದ್ದರೆ ಇಲ್ಲೂ ಹಾಗೇ. ಪರೀಕ್ಷೆ ಸುಲಭ: ತುಂಬಿದ ದೋಣಿಯಲ್ಲಿ ಫುಲ್ ಥ್ರಾಟಲ್ ಕೊಟ್ಟು ಆರ್‌ಪಿಎಂ ನೋಡೋದು. ಮ್ಯಾನ್ಯುಯಲ್‌ನಲ್ಲಿ ಹೇಳಿದ ಮಿತಿ ತಲುಪದೆ ಕೆಳಗೇ ನಿಂತರೆ ಪಿಚ್ ಜಾಸ್ತಿ ಆಯಿತು ಅಂತ. ಒಂದು ಇಂಚು ಪಿಚ್ ಇಳಿಸಿದರೆ ಹೆಚ್ಚುಕಮ್ಮಿ 150ರಿಂದ 200 ಆರ್‌ಪಿಎಂ ಏರುತ್ತೆ. 15 ಎಚ್‌ಪಿಯಿಂದ ಸಿಗುತ್ತೆ ಅಂತ ನಾವಂದುಕೊಂಡಿದ್ದ ತಳ್ಳೋ ಬಲದ ಒಳ್ಳೇ ಪಾಲು ಸರಿಯಾದ ಫ್ಯಾನ್ ಹಾಕಿದ 9.9ರಲ್ಲೇ ಇದೆ. ಅದಕ್ಕೆ ಯಾವ ನಿಯಮವೂ ಅಡ್ಡ ಬರಲ್ಲ.

ಪೆಟ್ರೋಲ್ ವಿಷಯದಲ್ಲೂ ಒಂದು ಎಚ್ಚರ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ. ಎಥೆನಾಲ್ ನೀರನ್ನ ಹೀರಿಕೊಳ್ಳುತ್ತೆ. ಊರಿನ ಬೈಕಿನಲ್ಲಿ ಅದು ಅಷ್ಟು ಗೊತ್ತಾಗಲ್ಲ. ಕಡಲ ಕರೆಯ ತೇವದಲ್ಲಿ, ಅರ್ಧ ಖಾಲಿ ಟ್ಯಾಂಕ್‌ನಲ್ಲಿ ವಾರಗಟ್ಟಲೆ ಇದ್ದರೆ ನೀರು ಸೇರಿ, ಸೇರಿ, ಒಂದು ಹಂತದಲ್ಲಿ ಎಥೆನಾಲೂ ನೀರೂ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತೆ. ಎಂಜಿನ್‌ಗೆ ಪೈಪ್ ಹೋಗೋದೂ ಆ ತಳದಿಂದಲೇ. ಸೀಮೆಎಣ್ಣೆಯವರಿಗೆ ಇದು ಹೊಸ ತಲೆನೋವು. ಟ್ಯಾಂಕ್‌ಗೂ ಎಂಜಿನ್‌ಗೂ ಮಧ್ಯೆ ನೀರು ಬೇರ್ಪಡಿಸೋ ಫಿಲ್ಟರ್ ಹಾಕಿದರೆ ಅರ್ಧ ಸಮಸ್ಯೆ ಹೋಗುತ್ತೆ. ಹಳೇ ರಬ್ಬರ್ ಪೈಪನ್ನೂ ಬದಲಾಯಿಸಬೇಕು. ಇವೆಲ್ಲ ಎಂಜಿನ್ ರೇಟಿನ ಮುಂದೆ ಸಣ್ಣ ದುಡ್ಡು. ಯಾರಾದರೂ ಹೇಳಿಕೊಡಬೇಕು ಅಷ್ಟೇ.

ಹೇಳಿಕೊಡೋರು ಯಾರು? ಇದೇ ಅಪ್ಪಯ್ಯನ ದೊಡ್ಡ ಚಿಂತೆ. ಹಳೇ ಎಂಜಿನ್‌ಗೆ ಊರಲ್ಲೇ ಮೂರು ಜನ ಮೆಕ್ಯಾನಿಕ್ ಇದ್ದಾರೆ. ಕಾರ್ಬೊರೇಟರ್ ಬಿಚ್ಚಿ, ಊದಿ, ಜೋಡಿಸಿ ಸಂಜೆಯೊಳಗೆ ಕೊಡ್ತಾರೆ. ಫೋರ್ ಸ್ಟ್ರೋಕ್‌ಗೆ ವಾಲ್ವ್ ಇದೆ, ಬೆಲ್ಟ್ ಇದೆ, ಬೇರೆ ಆಯಿಲ್ ಇದೆ. ಟೂ ಸ್ಟ್ರೋಕನ್ನ ಹೆಗಲ ಮೇಲೆ ಹೊತ್ತು ತಂದು ಜಗಲಿಯಲ್ಲಿ ಹೇಗೆ ಬೇಕಾದರೂ ಮಲಗಿಸಬಹುದು. ಫೋರ್ ಸ್ಟ್ರೋಕನ್ನ ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು. ತಪ್ಪಿದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತೆ. ಇದನ್ನ ಅಂಗಡಿಯವರು ಹೇಳಿರಲಿಲ್ಲ. ಹೊಸ ಎಂಜಿನ್ ತಗೊಂಡ ಅವರ ಗೆಳೆಯರೊಬ್ಬರು ಒಂದು ಸಲ ತಪ್ಪು ಮಗ್ಗುಲಿಗೆ ಮಲಗಿಸಿ ಕಲಿತರಂತೆ. ಸೀಸನ್‌ನಲ್ಲಿ ಎಂಜಿನ್ ಒಂದು ವಾರ ಸರ್ವಿಸ್ ಸೆಂಟರ್‌ನಲ್ಲಿ ಕೂತರೆ ಮೈಲೇಜ್‌ನಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ನಾವು ಇಂಧನ ಉಳಿತಾಯದ ಗ್ರಾಫ್ ತೋರಿಸಿದಾಗ ಅವರು ಹೇಳಿದ್ದು: "ಅಳ್ವಿ ಬಾಗ್ಲಗೆ ನಿಂತ್ರೆ ಮೈಲೇಜ್ ಯಾರಿಗ್ ಬೇಕ್?"

ಈಗ ನಮ್ಮ ಕ್ಯಾಂಪಸ್ ಕಡೆ ಬರ್ತೀವಿ, ಬೈಸಿಕೊಳ್ಳೋಕೆ ರೆಡಿ ಇದ್ದೀವಿ. ಪ್ರತಿವರ್ಷ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಒಂದಾದರೂ ಎಲೆಕ್ಟ್ರಿಕ್ ದೋಣಿ ಇರುತ್ತೆ. ಥರ್ಮಾಕೋಲ್ ಮೈ, ಮೇಲೊಂದು ಸೋಲಾರ್ ಪ್ಯಾನಲ್, ಟಬ್‌ನಲ್ಲಿ ಒಂದು ರೌಂಡ್. ಪೋಸ್ಟರ್‌ನಲ್ಲಿ 'ಮೀನುಗಾರರಿಗೆ ಉಪಯುಕ್ತ' ಅಂತ. ನಾವು ಗಂಗೊಳ್ಳಿ ಕಥೆ ಹೇಳಿದಾಗಲೂ ಒಬ್ಬ ಸೀನಿಯರ್ ಕೇಳಿದ್ದು ಇದೇ, "ಇನ್ನೂ ಪೆಟ್ರೋಲಾ? ಎಲೆಕ್ಟ್ರಿಕ್ ಹಾಕ್ಸಿ." ಲೆಕ್ಕ ಹಾಕೋಣ ಬನ್ನಿ ಸರ್. 9.9 ಎಚ್‌ಪಿ ಅಂದ್ರೆ 7.4 ಕಿಲೋವ್ಯಾಟ್. ಒಂದು ಟ್ರಿಪ್‌ನಲ್ಲಿ ಎರಡು ಗಂಟೆ, ಸರಾಸರಿ 5 ಕಿಲೋವ್ಯಾಟ್ ಅಂದುಕೊಂಡರೂ 10 ಯೂನಿಟ್. ಫೋರ್ ಸ್ಟ್ರೋಕ್‌ಗೆ ಐದು ಲೀಟರ್ ಆಸುಪಾಸು ಪೆಟ್ರೋಲ್. ಬ್ಯಾಟರಿಯಲ್ಲಾದರೆ ಮೋಟಾರಿನ ನಷ್ಟ, ಅಳಿವೆಗಾಗಿ ಇಟ್ಟುಕೊಳ್ಳಬೇಕಾದ ಮಿಗತೆ ಎಲ್ಲ ಸೇರಿ 15 ಯೂನಿಟ್ ಬೇಕು. ಅಂಥ ಲಿಥಿಯಮ್ ಪ್ಯಾಕ್ ನೂರು ಕೆ.ಜಿ. ಮುಟ್ಟುತ್ತೆ. ಪೆಟ್ರೋಲ್ ಉರಿದಷ್ಟೂ ಹಗುರಾಗುತ್ತೆ, ಬ್ಯಾಟರಿ ಹಾಗಲ್ಲ. ಉಪ್ಪುನೀರು, ಚಾರ್ಜಿಂಗ್ ಅದೆಲ್ಲ ಬೇರೆ. ಕೊಚ್ಚಿಯ ವಾಟರ್ ಮೆಟ್ರೋ ಎಲೆಕ್ಟ್ರಿಕ್ಕೇ, ಚೆನ್ನಾಗೇ ಓಡ್ತಿದೆ. ವೈಕಂನ ಸೋಲಾರ್ ಫೆರ್ರಿ 'ಆದಿತ್ಯ' 2017ರಿಂದ ಇದೆ. ಅವೆಲ್ಲ ಹಿನ್ನೀರಿನಲ್ಲಿ, ಗೊತ್ತಿರೋ ದಾರಿಯಲ್ಲಿ, ಜೆಟ್ಟಿಯಿಂದ ಜೆಟ್ಟಿಗೆ ಓಡೋವು. ಮೀನು ಎಲ್ಲಿದೆಯೋ ಅಲ್ಲಿಗೆ ಹೋಗಿ, ಗಾಳಿ ತಿರುಗಿದರೆ ಎರಡು ಪಟ್ಟು ಶಕ್ತಿ ಹಾಕಿ ವಾಪಸ್ ಬರಬೇಕಾದ ದೋಣಿಗೆ ಇವತ್ತಿನ ಬ್ಯಾಟರಿಯನ್ನ ನಾವಂತೂ ಹೇಳಲ್ಲ. ಹತ್ತು ವರ್ಷದ ಮೇಲೆ ಮಾತು ಬೇರೆ ಇರಬಹುದು.

ಪ್ರಾಜೆಕ್ಟ್‌ಗೆ ವಿಷಯ ಇಲ್ಲ ಅಂತ ಫೈನಲ್ ಇಯರ್‌ನವರು ಒದ್ದಾಡ್ತಾರಲ್ಲ, ಇಲ್ಲಿದೆ ನೋಡಿ. ಫೈಬರ್ ಒಳಗಿನ ಮರ ಕೊಳೆತಿದೆಯಾ ಅಂತ ಬಿಚ್ಚದೆ ಹೇಳೋ ಒಂದು ಅಗ್ಗದ ಸಾಧನ. ಬಡಿದ ಸದ್ದನ್ನು ಮೊಬೈಲ್ ಮೈಕ್‌ನಲ್ಲಿ ಹಿಡಿದು ಗಟ್ಟಿಯೋ ಟೊಳ್ಳೋ ಅಂತ ಹೇಳೋ ಆ್ಯಪ್ ಆದರೂ ಸರಿ, ಸಿಎಸ್‌ನವರು ಎಐ ಎಐ ಅಂತಾರಲ್ಲ. ದೋಣಿಯ ಉದ್ದ, ಲೋಡ್, ಆರ್‌ಪಿಎಂ ಕೊಟ್ಟರೆ ಯಾವ ಪಿಚ್ ಫ್ಯಾನ್ ಬೇಕು ಅಂತ ಕನ್ನಡದಲ್ಲಿ ಹೇಳೋ ಒಂದು ಪುಟದ ಚಾರ್ಟ್. ಫೋರ್ ಸ್ಟ್ರೋಕ್ ಔಟ್‌ಬೋರ್ಡ್‌ನ ಮ್ಯಾನ್ಯುಯಲ್ ಕನ್ನಡದಲ್ಲಿ, ಯಾವ ಮಗ್ಗುಲಿಗೆ ಮಲಗಿಸಬೇಕು ಅನ್ನೋ ಚಿತ್ರದ ಸಮೇತ. ಕೊನೆಯದನ್ನ ನಮ್ಮ ಕನ್ನಡ ಸಂಘವೇ ಮಾಡಬಹುದು. ನಾವು ನಾಲ್ವರು ಶುರು ಮಾಡಿದ್ದೀವಿ, 'ಗ್ಯಾಸ್ಕೆಟ್'ಗೆ ಏನು ಬರೆಯೋದು ಅಂತ ಮೂರು ದಿನ ಜಗಳ ಆಡಿ ಕೊನೆಗೆ ಗ್ಯಾಸ್ಕೆಟ್ ಅಂತಲೇ ಬರೆದಿದ್ದೀವಿ. ಇದಕ್ಕೆ ಐಇಇಇ ಪೇಪರ್ ಬರಲ್ಲ, ಗೊತ್ತು.

ಹಲಗೆ ಕೆಲಸ ಆಯಿತು. ಊರಿನ ಬಡಗಿಯೊಬ್ಬರು ಕೊಳೆತಿದ್ದನ್ನೆಲ್ಲ ಕೆತ್ತಿ ತೆಗೆದು, ಒಣಗಲು ಬಿಟ್ಟು, ಮೆರೈನ್ ಪ್ಲೈವುಡ್ ಎರಡು ಪದರ ಅಂಟಿಸಿ, ಮೇಲೆ ಫೈಬರ್ ಹೊದಿಸಿದರು. ತೂತುಗಳ ಒಳಬದಿಗೂ ರೆಸಿನ್ ಬಳಿದರು. ಮೇಲಿನ ಪಟ್ಟಿ ಹೋಯಿತು, ಎತ್ತರ ಸರಿಯಾಯಿತು. ಹಳೇ ಎಂಜಿನ್ನನ್ನೇ ಕೂರಿಸಿ ಒಂದು ದಿನ ಅಳಿವೆಯವರೆಗೆ ಹೋಗಿ ಬಂದ್ವಿ. ನಾವು ಮೂವರು ವಾಂತಿ ಮಾಡಿಕೊಂಡ್ವಿ, ಅದು ಬೇರೆ ವಿಷಯ. ಅಲೆ ಎತ್ತಿದಾಗಲೂ ಟ್ಯಾಕೋಮೀಟರಿನ ಮುಳ್ಳು ಮೊದಲಿನ ಹಾಗೆ ಜಿಗಿಯಲಿಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ, ಇನ್ನೊಂದು ಸಲ ತಿರುಗಿಸಿ ಅದೇ ಜಾಗದಲ್ಲಿ ದಾಟಿದರು.

ಮೇ ಒಳಗೆ 9.9ರ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ತಗೊಳ್ಳೋದು ಅಂತ ತೀರ್ಮಾನ ಆಗಿದೆ. ಜೊತೆಗೆ ಕಡಿಮೆ ಪಿಚ್‌ನ ಫ್ಯಾನ್ ಒಂದು, ಫಿಲ್ಟರ್ ಒಂದು. ಸಹಾಯಧನದ ಅರ್ಜಿ ಕೊಟ್ಟಾಗಿದೆ, ಬಂದರೆ ಬಂತು. ಹಳೇದನ್ನ ಮಾರೋಣ, ಸ್ವಲ್ಪ ದುಡ್ಡಾದರೂ ಬರುತ್ತೆ ಅಂತ ಮಗ ಹೇಳಿದ. ಅಪ್ಪಯ್ಯ ಅದನ್ನ ಸಿಹಿನೀರಲ್ಲಿ ತೊಳೆದು, ಆಯಿಲ್ ಹಾಕಿ, ಟಾರ್ಪಾಲ್ ಸುತ್ತಿ ಇಡಲಿಕ್ಕೆ ಜಗಲಿಯ ಮೂಲೆಯಲ್ಲಿ ಈಗಲೇ ಜಾಗ ಮಾಡಿದ್ದಾರೆ. ಹೊಸ ಎಂಜಿನ್ ಒಂದು ಮಳೆಗಾಲ ಕಾಣಲಿ, ಆಮೇಲೆ ನೋಡೋಣ ಅಂತೆ.